ಸಂಬಳ ಬಿಟ್ಟ ನಾಲ್ವರ ಸ್ಟುಡಿಯೊ

‘ಕೆಲಸ ಬಿಡು, ಸ್ವಂತದ್ದು ಶುರು ಮಾಡು’ ಎಂದು ಹುರಿದುಂಬಿಸುವ ವಿಡಿಯೊ ಕಂಡಾಗಲೆಲ್ಲ ನನಗೆ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೊ ನೆನಪಾಗುತ್ತದೆ. 1969ರಲ್ಲಿ ಅಮೆರಿಕದ ಅಲಬಾಮ ರಾಜ್ಯದ ಶೆಫೀಲ್ಡ್ ಎಂಬ ಸಣ್ಣ ಊರಿನಲ್ಲಿ ಅದನ್ನು ತೆರೆದವರು ನಾಲ್ವರು ವಾದ್ಯಗಾರರು: ಡ್ರಮ್ಸ್ ಬಾರಿಸುವ ರೋಜರ್ ಹಾಕಿನ್ಸ್, ಬಾಸ್ ಗಿಟಾರ್‌ನ ಡೇವಿಡ್ ಹುಡ್, ಗಿಟಾರ್‌ನ ಜಿಮ್ಮಿ ಜಾನ್ಸನ್, ಕೀಬೋರ್ಡ್‌ನ ಬ್ಯಾರಿ ಬೆಕೆಟ್. ಹಿಂದೆ ಶವಪೆಟ್ಟಿಗೆ ಮಾರುತ್ತಿದ್ದ ಕಟ್ಟಡವಂತೆ ಅದು! ಅದೇ ಡಿಸೆಂಬರ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಅಲ್ಲಿಗೆ ಬಂದು ಮೂರು ಹಾಡು ರೆಕಾರ್ಡ್ ಮಾಡಿತು.

ಕೇಳಲು ಸಿನಿಮಾ ಕಥೆಯಂತಿದೆ. ಆದರೆ ನಮ್ಮ ಸ್ಫೂರ್ತಿ ಭಾಷಣಕಾರರು ಹೇಳದೇ ಬಿಡುವುದು ಅದಕ್ಕೂ ಹಿಂದಿನ ವರ್ಷಗಳನ್ನು. ನಾಲ್ವರೂ ಪಕ್ಕದ ಮಸಲ್ ಶೋಲ್ಸ್ ಊರಿನಲ್ಲಿ ರಿಕ್ ಹಾಲ್ ಅವರ ಫೇಮ್ ಸ್ಟುಡಿಯೊದಲ್ಲಿ ದುಡಿದವರು. ಹಾಲ್ ಮಹಾ ಕಟ್ಟುನಿಟ್ಟಿನ ಮನುಷ್ಯ. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಅಲ್ಲಿ ಹಾಡಿದಾಗ ಹಾಕಿನ್ಸ್, ಜಾನ್ಸನ್ ಇಬ್ಬರೂ ನುಡಿಸಿದ್ದರು. ಆಗಲೇ ಅವರ ಕೈಚಳಕ ಕಂಡಿದ್ದ ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್ಲರ್, ಮುಂದೆ ಹೊಸ ಸ್ಟುಡಿಯೊಗೆ ಹಣ ಒದಗಿಸಿ ಕಲಾವಿದರನ್ನೂ ಕಳಿಸಿದರು.

ಅಂದರೆ ಕಸುಬು, ಜೊತೆಗಾರರು, ಬಂಡವಾಳ ಕೊಡುವವರು ಎಲ್ಲ ಸಿಕ್ಕಿದ್ದು ಹಳೇ ಕೆಲಸದಲ್ಲೇ. ಹಾಗಾಗಿ ಡಿಗ್ರಿ ಮುಗಿಸಿ ಯಾರದೋ ಕಂಪನಿ ಸೇರುವ ಗೆಳೆಯರನ್ನು ‘ಧೈರ್ಯ ಇಲ್ಲದವರು’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಹಾಗೆಂದು ಹತ್ತು ವರ್ಷ ಅಲ್ಲೇ ಬೇರೂರಿ ಎಂದೂ ಹೇಳುತ್ತಿಲ್ಲ. ಸಂಬಳದ ನೌಕರರಾಗಿಯೇ ಉಳಿಯುವುದು ಬೇಡವೆಂದೇ ಇವರು ಹೊರಬಂದರು. ಇನ್ನೊಂದು ಮಾತು, ದೊಡ್ಡ ನಗರಕ್ಕಂತೂ ಅವರು ಹೋಗಲಿಲ್ಲ. ನ್ಯೂಯಾರ್ಕಿನ ಪಾಲ್ ಸೈಮನ್ ತಮ್ಮ 1973ರ ಆಲ್ಬಂನ ಹಾಡುಗಳಿಗಾಗಿ ಶೆಫೀಲ್ಡ್‌ಗೇ ಬಂದರು.