ಓವರ್‌ಡ್ರೈವ್: ಎಲ್ಲಿ ಬೇಕು, ಎಲ್ಲಿ ಬೇಡ?

ಸ್ವಯಂಚಾಲಿತ ಗೇರಿನ ಮೋಟಾರು ಕಾರು ಈಗ ನಮ್ಮಲ್ಲಿ ಸಾಧಾರಣ ಗೃಹಸ್ಥರ ಮನೆಯ ಮುಂದೆಯೂ ನಿಲ್ಲತೊಡಗಿದೆ. ಕ್ಲಚ್ಚನ್ನು ತುಳಿಯಬೇಕಾಗಿಲ್ಲ, ಗೇರು ಬದಲಿಸುವ ಶ್ರಮವಿಲ್ಲ. ಆದುದರಿಂದ ಯಂತ್ರವೇ ಎಲ್ಲವನ್ನೂ ಬಲ್ಲುದೆಂದು ನಂಬಿ ಚಾಲಕನು ನಿಶ್ಚಿಂತನಾಗುವನು. ಬಹುಮಟ್ಟಿಗೆ ಬಲ್ಲುದು, ನಿಜ. ಆದರೆ ಮುಂದಿನ ತಿರುವಿನಾಚೆ ಘಟ್ಟದ ಇಳಿಜಾರಿರುವುದು ಯಂತ್ರಕ್ಕೆ ತಿಳಿಯದು, ಚಾಲಕನಿಗೆ ತಿಳಿದಿರುತ್ತದೆ. ಅಂಥಲ್ಲಿ ಅವನು ಮಾಡತಕ್ಕ ಒಂದು ಸಣ್ಣ ಕಾರ್ಯವನ್ನು ಕುರಿತು ಈ ತಿಂಗಳು ನಾಲ್ಕು ಮಾತು ಹೇಳಬಯಸುತ್ತೇವೆ.

ಓವರ್‌ಡ್ರೈವ್ ಎಂಬ ಹೆಸರೇ ಅನೇಕರನ್ನು ದಾರಿ ತಪ್ಪಿಸಿದೆ. ‘ಓವರ್’ ಎಂದರೆ ‘ಅತಿ’ ಎಂದು ಅರ್ಥಮಾಡಿ, ಇದರಿಂದ ಕಾರಿಗೆ ಅಧಿಕ ಬಲ ಬರುವುದೆಂದು ಭಾವಿಸುವವರುಂಟು. ವಸ್ತುಸ್ಥಿತಿ ಇದಕ್ಕೆ ವಿಪರೀತವಾದುದು. ಇಲ್ಲಿ ಅತಿಯಾಗುವುದು ಬಲವಲ್ಲ, ಭ್ರಮಣ. ನಾಲ್ಕು ಗೇರುಗಳ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರನೆಯ ಗೇರಿನಲ್ಲಿ ಎಂಜಿನ್ನೂ ಪೆಟ್ಟಿಗೆಯಿಂದ ಹೊರಡುವ ದಂಡವೂ ಹೆಚ್ಚುಕಡಮೆ ಸಮವಾಗಿ ತಿರುಗುತ್ತವೆ; ನಾಲ್ಕನೆಯದರಲ್ಲಿ ಎಂಜಿನ್ನು ಸುಮಾರು 70 ಸುತ್ತು ತಿರುಗುವಷ್ಟರಲ್ಲಿ ದಂಡವು 100 ಸುತ್ತು ತಿರುಗುತ್ತದೆ. ಇದೇ ಓವರ್‌ಡ್ರೈವ್. ಎಂಜಿನ್ನು ನಿಧಾನವಾಗಿ ತಿರುಗುವುದರಿಂದ ಇಂಧನ ಉಳಿಯುವುದು, ಸದ್ದು ತಗ್ಗುವುದು; ಆದರೆ ಎಳೆಯುವ ಶಕ್ತಿ ಕುಗ್ಗುವುದು, ತಡೆಯುವ ಶಕ್ತಿಯೂ ಕುಗ್ಗುವುದು.

ಇದರಿಂದ ನಿಯಮವು ತಾನೇ ಹೊರಡುತ್ತದೆ. ಸಮನಾದ ಹೆದ್ದಾರಿಯಲ್ಲಿ ಒಂದೇ ವೇಗದಿಂದ ಹೋಗುವಾಗ ಓವರ್‌ಡ್ರೈವ್ ಇರಲೇಬೇಕು. ಪೇಟೆಯೊಳಗೂ ಇದ್ದರೆ ಬಾಧಕವಿಲ್ಲ. ವೇಗ ಬಾರದೆ ಯಂತ್ರವು ಆ ಗೇರಿಗೆ ಏರುವುದೇ ಇಲ್ಲ. ದೀರ್ಘವಾದ ಏರಿನಲ್ಲಿ ಮಾತ್ರ ಅದು ಮೂರಕ್ಕೂ ನಾಲ್ಕಕ್ಕೂ ನಡುವೆ ಮತ್ತೆ ಮತ್ತೆ ತೊಳಲಾಡಿ, ಪೆಟ್ಟಿಗೆಯ ಎಣ್ಣೆಯನ್ನು ಕಾಯಿಸುವುದುಂಟು. ಆಗ ಓವರ್‌ಡ್ರೈವನ್ನು ತೆಗೆದುಬಿಡುವುದು ಲೇಸು.

ಏರಿಗಿಂತಲೂ ಇಳಿತವು ಗಂಡಾಂತರದ್ದು. ಮನೆಮಂದಿಯನ್ನು ಕೂಡಿಸಿಕೊಂಡು ಧರ್ಮಸ್ಥಳಕ್ಕೋ ಉಡುಪಿಗೋ ಹೊರಟವರು ಚಾರ್ಮಾಡಿಯನ್ನೋ, 14 ಕಡಿದಾದ ತಿರುವುಗಳ ಆಗುಂಬೆಯನ್ನೋ ಇಳಿಯಬೇಕಷ್ಟೆ. ಜನರೂ ಸೇರಿ 1,500 ಕಿಲೋ ತೂಗುವ ಕಾರು 500 ಮೀಟರು ಎತ್ತರದಿಂದ ಇಳಿದರೆ ಹುಟ್ಟುವ ಶಾಖವು ಸುಮಾರು 23 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಗಾಳಿಯೂ ರಸ್ತೆಯೂ ಒಂದಂಶವನ್ನು ಹೀರಿಕೊಂಡರೂ ಉಳಿದುದೆಲ್ಲ ಬ್ರೇಕುಗಳ ಪಾಲು. ಬ್ರೇಕಿನ ದ್ರವವು ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರುವುದು. ಡಾಟ್ 3 ಎಂಬ ವರ್ಗದ ದ್ರವವು ಹೊಸತಾಗಿರುವಾಗ 205 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ತೇವಗೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ದ್ರವವು ಕುದಿದರೆ ಪೆಡಲು ಮೆತ್ತಗಾಗಿ ಕಾಲಡಿಯಲ್ಲಿ ಕುಸಿಯುವುದು, ಕಾರು ನಿಲ್ಲದು.

ಇಳಿಜಾರಿನಲ್ಲಿ ಬಂಡಿಯ ಎತ್ತುಗಳು ನೊಗವನ್ನು ಹಿಂದಕ್ಕೊತ್ತಿ ಭಾರವನ್ನು ತಡೆಯುವುದನ್ನು ನಮ್ಮ ವಯಸ್ಸಿನವರೆಲ್ಲರೂ ಕಂಡಿದ್ದೇವೆ. ಎಂಜಿನ್ನೂ ಹಾಗೆಯೇ ತಡೆಯಬಲ್ಲುದು. ಓವರ್‌ಡ್ರೈವಿನಲ್ಲಿಟ್ಟರೆ ಮಾತ್ರ ಅದರ ತಡೆತವು ದುರ್ಬಲ. ಆದುದರಿಂದ ಇಳಿತ ಮೊದಲಾಗುವುದಕ್ಕೆ ಮುಂಚೆಯೇ ಬ್ರೇಕಿನಿಂದ ವೇಗವನ್ನು ತಗ್ಗಿಸಿ, ಗೇರುಕೋಲಿನ ಗುಂಡಿಯನ್ನೊತ್ತಿ ಓವರ್‌ಡ್ರೈವನ್ನು ತೆಗೆಯತಕ್ಕದ್ದು. ಕಡಿದಾದಲ್ಲಿ ‘2’ ಅಥವಾ ‘ಎಲ್’ ಸ್ಥಾನಕ್ಕೆ ಇಳಿಸತಕ್ಕದ್ದು. ಗುಂಡಿಯಿಲ್ಲದ ಈಚಿನ ಕಾರುಗಳಲ್ಲಿ ಕೈಯಿಂದ ಗೇರು ಇಳಿಸುವ ಬೇರೆ ಏರ್ಪಾಡಿರುವುದುಂಟು. ಕಾರಿನೊಡನೆ ಬಂದ ಕೈಪಿಡಿಯನ್ನು ಹೊರಡುವ ಮುಂಚೆ ಓದಿಕೊಳ್ಳಬೇಕು. ಮಳೆಗಾಲದ ನುಣುಪು ರಸ್ತೆಯಲ್ಲಿ ಥಟ್ಟನೆ ಗೇರಿಳಿಸಿದರೆ ಚಕ್ರ ಜಾರೀತು, ಮೆಲ್ಲಗೆ ಮಾಡಬೇಕು.

ಇನ್ನೊಂದು ಎಚ್ಚರಿಕೆ. ‘ಓ/ಡಿ ಆಫ್’ ಎಂಬ ದೀಪವು ಉರಿಯುತ್ತಿದ್ದರೆ ಓವರ್‌ಡ್ರೈವ್ ಇಲ್ಲವೆಂದು ಅರ್ಥ. ದೀಪ ಹೊತ್ತಿತೆಂದು ಗಾಬರಿಗೊಂಡು ಮತ್ತೆ ಗುಂಡಿಯನ್ನೊತ್ತಬಾರದು. ಬಯಲಿಗೆ ಬಂದಮೇಲೆ ಅದನ್ನು ಆರಿಸಲು ಮರೆಯಲೂ ಬಾರದು.

ಎಂಜಿನ್ನು ಗರ್ಜಿಸಿದರೆ ಪೆಟ್ರೋಲು ಪೋಲಾಗುವುದೆಂದು ಮಿತವ್ಯಯಿಗಳು ಅಂಜುವುದುಂಟು. ಈಗಿನ ಎಂಜಿನ್ನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಲರೇಟರಿನಿಂದ ಕಾಲು ತೆಗೆದರೆ ಇಂಧನದ ಪೂರೈಕೆಯೇ ಬಹುವಾಗಿ ನಿಂತುಹೋಗುತ್ತದೆ. ಗರ್ಜಿಸುವುದು ಇಳಿಜಾರಿನ ಬಲದಿಂದ. ಇಂಧನ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವವರೇ ವೃಥಾ ಇಂಧನವನ್ನು ಸುಡುವವರು. ಅವರಿಗೆ ಎಂಜಿನ್ನಿನ ತಡೆಯೂ ಇಲ್ಲ.

ಚಾಲಕನನ್ನಿಟ್ಟುಕೊಂಡ ಗೃಹಸ್ಥರು ಈ ಮಾತನ್ನು ಅವನಿಗೂ ತಿಳಿಯಹೇಳಲಿ. ಘಟ್ಟದ ತಲೆಯಲ್ಲಿ ಗುಂಡಿಯನ್ನೊತ್ತಲು ಒಂದು ಕ್ಷಣ ಸಾಕು. ಹಿಂದಿನ ಆಸನದಲ್ಲಿ ನಿದ್ರಿಸುವ ಮಕ್ಕಳ ಪ್ರಾಣವು ಆ ಒಂದು ಕ್ಷಣದ ಎಚ್ಚರಿಕೆಯನ್ನು ನಂಬಿಕೊಂಡಿರುವುದು.