ಹಮ್ಮಿಂಗ್‌ಬರ್ಡ್ ಮರಳುವ ತೋಟದಲ್ಲಿ ಚಿತ್ರಕಾರನಿಗೇನು ಕೆಲಸ?

ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಹಮ್ಮಿಂಗ್‌ಬರ್ಡ್‌ಗಳ ಬಗ್ಗೆ ಲಂಡನ್ನಿನ ಜಾನ್ ಗೂಲ್ಡ್‌ನಷ್ಟು ತಿಳಿದವರು ವಿರಳ. 1849ರಿಂದ ಅವನು ಈ ಹಕ್ಕಿಗಳ ಮೇಲೆ ದೊಡ್ಡ ಆಕಾರದ ಸಚಿತ್ರ ಗ್ರಂಥವೊಂದನ್ನು ಕಂತುಕಂತಾಗಿ ಹೊರತರುತ್ತಿದ್ದ. 1851ರಲ್ಲಿ ಲಂಡನ್ ಮೃಗಾಲಯದ ಆವರಣದಲ್ಲಿ ತನ್ನ ಸಂಗ್ರಹವನ್ನು ಪ್ರದರ್ಶನಕ್ಕಿಟ್ಟಾಗ ಸುಮಾರು 75,000 ಜನ ಬಂದು ನೋಡಿಹೋದರು. ಅಲ್ಲಿದ್ದವೆಲ್ಲ ಒಳಗೆ ಹತ್ತಿ ತುಂಬಿದ ಸತ್ತ ಹಕ್ಕಿಗಳು. ಜೀವಂತ ಹಮ್ಮಿಂಗ್‌ಬರ್ಡ್ ಗೂಲ್ಡ್‌ನ ಕಣ್ಣಿಗೆ ಬಿದ್ದದ್ದು 1857ರ ಮೇ ತಿಂಗಳಲ್ಲಿ, ಅಮೆರಿಕದ ಫಿಲಡೆಲ್ಫಿಯಾದ ಬಾರ್ಟ್ರಂ ತೋಟದಲ್ಲಿ. ಆಗ ಅವನಿಗೆ ಐವತ್ತು ದಾಟಿತ್ತು, ಗ್ರಂಥದ ಹಲವು ಕಂತುಗಳು ಅಚ್ಚಾಗಿದ್ದವು. ಹಕ್ಕಿಯ ರೆಕ್ಕೆಬಡಿತ ತಾನು ಊಹಿಸಿದ್ದಕ್ಕಿಂತ ಬೇರೆಯೇ ಇತ್ತೆಂದು ಅವನೇ ಬರೆದಿಟ್ಟಿದ್ದಾನೆ.

ಅಷ್ಟು ಓದಿಕೊಂಡವನಿಗೂ ವಸಂತದ ಒಂದು ತೋಟಕ್ಕೆ ಬಂದ ಮೇಲಷ್ಟೇ ತಿಳಿದದ್ದಾದರೂ ಏನು? ಇದು ಅರ್ಥವಾಗಬೇಕಾದರೆ ಮೊದಲು ಹಕ್ಕಿಯ ವಿಷಯ ಸ್ವಲ್ಪ ಹೇಳಬೇಕು. ಹಮ್ಮಿಂಗ್‌ಬರ್ಡ್‌ಗಳು ಇಂದು ಸಹಜ ನೆಲೆಯಲ್ಲಿ ಕಾಣಸಿಗುವುದು ಉತ್ತರ, ದಕ್ಷಿಣ ಅಮೆರಿಕ ಖಂಡಗಳಲ್ಲಿ ಮತ್ತು ಸುತ್ತಲಿನ ದ್ವೀಪಗಳಲ್ಲಿ ಮಾತ್ರ. ನಮ್ಮ ಹಿತ್ತಲಿನ ದಾಸವಾಳಕ್ಕೆ ಬರುವ ಮಿರಿಮಿರಿ ಪುಟ್ಟ ಹಕ್ಕಿಯನ್ನು ಹಲವರು ಹಮ್ಮಿಂಗ್‌ಬರ್ಡ್ ಎಂದುಕೊಳ್ಳುತ್ತಾರೆ. ಅದು ಸೂರಕ್ಕಿ, ಬೇರೆಯೇ ಕುಲದ್ದು. ಸೂರಕ್ಕಿ ಸಾಮಾನ್ಯವಾಗಿ ಕಡ್ಡಿ ಹಿಡಿದು ಕೂತೇ ಮಕರಂದ ಹೀರುತ್ತದೆ. ಹಮ್ಮಿಂಗ್‌ಬರ್ಡ್ ಹೂವಿನ ಮುಂದೆ ಗಾಳಿಯಲ್ಲೇ ನಿಂತುಬಿಡುತ್ತದೆ, ಬೇಕೆಂದರೆ ಹಿಂದಕ್ಕೂ ಹಾರುತ್ತದೆ.

ಅಮೆರಿಕದ ಪೂರ್ವ ಭಾಗದಲ್ಲಿ ಗೂಡು ಕಟ್ಟುವುದು ಬಹುತೇಕ ಒಂದೇ ಜಾತಿ, ರೂಬಿ ಥ್ರೋಟೆಡ್ ಎನ್ನುವ ಕೆಂಪು ಕೊರಳಿನದು. ತೂಕ ಸುಮಾರು ಮೂರು ಗ್ರಾಂ. ಚಳಿಗಾಲವನ್ನು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ ಕಳೆದು, ವಸಂತ ಬರುತ್ತಲೇ ಉತ್ತರಕ್ಕೆ ಹೊರಡುತ್ತದೆ. ದಾರಿಯಲ್ಲಿ ಎಷ್ಟೋ ಹಕ್ಕಿಗಳು ಮೆಕ್ಸಿಕೊ ಕೊಲ್ಲಿಯನ್ನು, ಸುಮಾರು 800 ಕಿ.ಮೀ. ನೀರನ್ನು, ಎಲ್ಲೂ ಇಳಿಯದೆ ದಾಟುತ್ತವೆ. ಹೊರಡುವ ಮೊದಲು ಮೈಯಲ್ಲಿ ಕೂಡಿಟ್ಟುಕೊಂಡ ಕೊಬ್ಬೇ ಬುತ್ತಿ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್ ಕಡೆಯ ತೋಟಗಳನ್ನು ಇವು ಮುಟ್ಟುವುದು ಏಪ್ರಿಲ್ ಕೊನೆ, ಮೇ ಮೊದಲ ವಾರದ ಹೊತ್ತಿಗೆ. ಕಾಲಿಗೆ ಉಂಗುರ ತೊಡಿಸಿ ನೋಡಿದವರಿಗೆ ಗೊತ್ತಾದ ಸಂಗತಿಯೊಂದಿದೆ: ಕಳೆದ ವರ್ಷ ಒಂದು ತೋಟಕ್ಕೆ ಬಂದಿದ್ದ ಹಕ್ಕಿಯೇ ಈ ವರ್ಷ ಅದೇ ತೋಟಕ್ಕೆ ಮತ್ತೆ ಬರುವುದುಂಟು. ಕಲಾವಿದನಿಗೆ ಇದು ದೊಡ್ಡ ವರ. ಹೋದ ವರ್ಷ ಕೈಗೆ ಸಿಗದೇ ಹೋದದ್ದನ್ನು ಅದೇ ಕೊಂಬೆಯ ಮುಂದೆ ಕೂತು ಮತ್ತೆ ನೋಡಬಹುದು.

ಇನ್ನು ಬಣ್ಣ. ತೋಟದ ಒಣಕಡ್ಡಿಯ ತುದಿಯಲ್ಲಿ ಕೂತ ಗಂಡುಹಕ್ಕಿಯನ್ನು ಗಮನಿಸಿ. ಬೆನ್ನು ಹಸಿರು, ಎದೆ ಮಾಸಲು ಬಿಳಿ, ಕೊರಳು ಕಪ್ಪು. ಅದು ಕತ್ತನ್ನು ಸ್ವಲ್ಪ ಇತ್ತ ತಿರುಗಿಸಿದರೆ ಸಾಕು, ಕಪ್ಪು ಕೊರಳು ಕೆಂಡದಂತೆ ಹೊತ್ತಿಕೊಳ್ಳುತ್ತದೆ. ಮರುಕ್ಷಣ ಮತ್ತೆ ಕಪ್ಪು. ಆ ಗರಿಯನ್ನು ಅರೆದರೆ ಕೆಂಪು ಪುಡಿ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ಕೆಂಪು ವರ್ಣದ್ರವ್ಯವೇ ಇಲ್ಲ. ಗರಿಯ ಎಳೆಗಳೊಳಗೆ ಗಾಳಿಗುಳ್ಳೆ ತುಂಬಿದ ಅತಿಸಣ್ಣ ಮೆಲನಿನ್ ಬಿಲ್ಲೆಗಳು ಪದರಪದರವಾಗಿ ಜೋಡಿಕೊಂಡಿವೆ. ಪದರಗಳಿಂದ ಪುಟಿದ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿಕೊಂಡಾಗ ಒಂದು ಬಣ್ಣ ಉಕ್ಕುತ್ತದೆ, ಉಳಿದವು ಅಳಿಸಿಹೋಗುತ್ತವೆ. ಮಳೆ ನಿಂತ ರಸ್ತೆಯಲ್ಲಿ ಎಣ್ಣೆ ಚೆಲ್ಲಿದಾಗ ಕಾಮನಬಿಲ್ಲು ಮೂಡುವುದು ಇದೇ ಬಗೆಯಿಂದ. ಬಿಸಿಲು, ಗರಿ, ನೋಡುವವನ ಕಣ್ಣು ಈ ಮೂರೂ ಸರಿಯಾದ ಕೋನದಲ್ಲಿ ಸೇರಿದಾಗ ಮಾತ್ರ ಆ ಕೆಂಪು ಇರುತ್ತದೆ.

ಹಾಗಾದರೆ ಚಿತ್ರಕಾರ ಯಾವ ಬಣ್ಣ ಹಚ್ಚಬೇಕು? ಗೂಲ್ಡ್‌ನ ಬಳಗ ಚಿತ್ರಗಳಲ್ಲಿ ಚಿನ್ನದ ರೇಕು ಅಂಟಿಸಿ, ಅದರ ಮೇಲೆ ಪಾರದರ್ಶಕ ಬಣ್ಣ ಬಳಿದು ಹೊಳಪು ತರಿಸಿತು. ಕೌಶಲದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಆ ಹಾಳೆಗಳ ಮೇಲೆ ಎಲ್ಲ ಹಕ್ಕಿಗಳೂ ಒಂದೇ ಸಮನೆ ಹೊಳೆಯುತ್ತವೆ. ತೋಟದಲ್ಲಿ ನೋಡಿದವರಿಗೆ ಹಿಡಿಸುವುದು ಆ ಕಪ್ಪಿನಿಂದ ಕೆಂಪಿಗೆ ಹಾಯುವ ಕ್ಷಣ. ಅದು ಚಿನ್ನದ ರೇಕಿಗೆ ದಕ್ಕಲಿಲ್ಲ ಎಂದೇ ನನ್ನ ಅನಿಸಿಕೆ.

ಅಮೆರಿಕದ ಚಿತ್ರಕಾರ ಮಾರ್ಟಿನ್ ಜಾನ್ಸನ್ ಹೀಡ್ ಬೇರೆ ದಾರಿ ಹಿಡಿದ. 1863ರಲ್ಲಿ ಅವನು ಹಮ್ಮಿಂಗ್‌ಬರ್ಡ್‌ಗಳಿಗಾಗಿಯೇ ಬ್ರೆಜಿಲ್‌ಗೆ ಹೋದ. ಸಣ್ಣ ಸಣ್ಣ ಕ್ಯಾನ್ವಾಸುಗಳ ಮೇಲೆ ಹಕ್ಕಿಗಳನ್ನು ಜೋಡಿಜೋಡಿಯಾಗಿ ಬರೆದ. ಅವನ್ನೆಲ್ಲ ಸೇರಿಸಿ ತರಬೇಕೆಂದಿದ್ದ ಪುಸ್ತಕ ಮಾತ್ರ ಕೊನೆಗೂ ಹೊರಬರಲಿಲ್ಲ. ಅವನ ನಿಜವಾದ ಸಾಧನೆ ಕಾಣುವುದು ಆಮೇಲಿನ ಚಿತ್ರಗಳಲ್ಲಿ. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ 1871ರ ಚಿತ್ರದಲ್ಲಿ ಒಂದು ದೊಡ್ಡ ಗುಲಾಬಿ ಬಣ್ಣದ ಆರ್ಕಿಡ್, ಒಂದು ಗೂಡು, ಮೂರು ಹಕ್ಕಿ ಇವೆ. ಹಿಂದೆ ಮಂಜು ಮುಸುಕಿದ ಕಾಡು. ಅಲ್ಲಿ ಹೊಳಪನ್ನು ಅವನು ಹದವಾಗಿ, ಬೇಕಾದಲ್ಲಿ ಮಾತ್ರ ಇಟ್ಟಿದ್ದಾನೆ. ಹಕ್ಕಿಯ ಸುತ್ತಲಿನ ಗಾಳಿಯ ತೇವವನ್ನು ಬರೆದಿದ್ದರಿಂದಲೇ ಹಕ್ಕಿಗೆ ಜೀವ ಬಂದಿದೆ. ಮುಪ್ಪಿನಲ್ಲಿ ಫ್ಲೋರಿಡಾದಲ್ಲಿ ನೆಲೆಸಿದ ಮೇಲೂ ಹೀಡ್ ಈ ಹಕ್ಕಿಗಳ ಸಂಗ ಬಿಡಲಿಲ್ಲ. ತನ್ನ ಮನೆಯಂಗಳಕ್ಕೆ ಬರುತ್ತಿದ್ದವುಗಳಿಗೆ ಸಕ್ಕರೆ ನೀರು ಉಣಿಸುತ್ತ, ಅವುಗಳ ನಡವಳಿಕೆಯ ಬಗ್ಗೆ ಪತ್ರಿಕೆಗೆ ಬರೆಯುತ್ತಿದ್ದ.

ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್ ಊರಿನ ಕವಯಿತ್ರಿ ಎಮಿಲಿ ಡಿಕಿನ್ಸನ್ ಈ ಹಕ್ಕಿಗಾಗಿ ಎಲ್ಲಿಗೂ ಹೋಗಲಿಲ್ಲ. ಮನೆಯ ತೋಟವೇ ಅವಳಿಗೆ ಸಾಕಾಯಿತು. 1879ರ ಹೊತ್ತಿಗೆ ಅವಳು ಅದರ ಮೇಲೆ ಬರೆದ ಎಂಟು ಸಾಲಿನ ಕವಿತೆಯಲ್ಲಿ ಹಕ್ಕಿಯ ಹೆಸರೇ ಇಲ್ಲ. ಕೊಕ್ಕು, ಕಾಲು, ಕಣ್ಣು ಯಾವುದೂ ಇಲ್ಲ. ತಿರುಗುವ ಚಕ್ರವಿದೆ, ಧಾವಿಸುವ ಕೆಂಪಿದೆ, ಹಕ್ಕಿ ಹೋದ ಮೇಲೆ ಸಾವರಿಸಿಕೊಳ್ಳುವ ಹೂವಿದೆ. 1882ರಲ್ಲಿ ಪರಿಚಿತೆಯೊಬ್ಬಳು ಹೂವಿನ ಚಿತ್ರವೊಂದನ್ನು ಕಳಿಸಿಕೊಟ್ಟಾಗ ಅದಕ್ಕೆ ಪ್ರತಿಯಾಗಿ ಡಿಕಿನ್ಸನ್ ಕಳಿಸಿದ್ದು ಇದೇ ಕವಿತೆಯನ್ನು. ಹಕ್ಕಿಯನ್ನು ಹಿಡಿಯಲು ಹೋಗದೆ, ಅದು ಹಾದುಹೋದದ್ದರ ಗುರುತನ್ನಷ್ಟೇ ಬರೆಯುವ ಈ ಜಾಣ್ಮೆ ಮನೆಯ ಕಿಟಕಿಯ ಬಳಿ ಎಷ್ಟೋ ವಸಂತಗಳನ್ನು ಕಳೆದವರಿಗೆ ಬರುವಂಥದ್ದು.

ರೆಕ್ಕೆಯನ್ನು ಸ್ಪಷ್ಟವಾಗಿ ಕಾಣಲು ಯಂತ್ರವೇ ಬೇಕಾಯಿತು. ಈ ಹಕ್ಕಿ ಸೆಕೆಂಡಿಗೆ ಐವತ್ತು ಸಲದ ಆಸುಪಾಸಿನಲ್ಲಿ ರೆಕ್ಕೆ ಬಡಿಯುತ್ತದೆ, ನಮ್ಮ ಕಣ್ಣಿಗೆ ಬೂದು ಮಬ್ಬಷ್ಟೇ. 1930ರ ದಶಕದಲ್ಲಿ ಅಮೆರಿಕದ ತಾಂತ್ರಿಕ ವಿದ್ಯಾಸಂಸ್ಥೆ ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ ಅತಿವೇಗದ ಮಿಂಚುದೀಪ ಬಳಸಿ ಹಮ್ಮಿಂಗ್‌ಬರ್ಡ್‌ನ ಫೋಟೊ ತೆಗೆದಾಗ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಂಡಿತು. ಅದು ಅದ್ಭುತವೇ. ಆದರೂ ತೋಟದಲ್ಲಿ ನಾವು ಕಾಣುವುದು ಆ ಮಬ್ಬನ್ನೇ. ಹಾಗಾಗಿ ಚಿತ್ರ ಬರೆಯುವವರು ಮಬ್ಬನ್ನು ಮಬ್ಬಾಗಿಯೇ ಬಿಟ್ಟರೆ ತಪ್ಪೇನೂ ಇಲ್ಲ.

ಸ್ಫೂರ್ತಿ ಕೊಡುವ ಹಕ್ಕಿಗೆ ನಮ್ಮಿಂದಲೂ ಏನಾದರೂ ಸಲ್ಲಬೇಕಲ್ಲ. ಹಳೆಯ ಮತ್ತು ಈಚಿನ ದಾಖಲೆಗಳನ್ನು ಹೋಲಿಸಿದಾಗ, ಅಮೆರಿಕದ ಪೂರ್ವದ ಹಲವು ಕಡೆ ಈ ಹಕ್ಕಿಗಳು ಮೊದಲಿಗಿಂತ ಹತ್ತು ದಿನಕ್ಕೂ ಹೆಚ್ಚು ಬೇಗ ಬರುತ್ತಿರುವುದು ತಿಳಿದುಬಂದಿದೆ. ಬೇಗ ಬಂದ ಹಕ್ಕಿಗೆ ಹೂವು ಬೇಕು. ಅಲ್ಲಿನ ನೆಲದ್ದೇ ಆದ ಕೆಂಪು ಕೊಲಂಬೈನ್ ವಸಂತಕ್ಕೆ ಅರಳುತ್ತದೆ, ಟ್ರಂಪೆಟ್ ಬಳ್ಳಿ ಬೇಸಿಗೆಗೆ. ನ್ಯೂಜೆರ್ಸಿ ಕಡೆಯ ಕನ್ನಡಿಗರು ಯುಗಾದಿ ಮುಗಿದು ಗಿಡ ನೆಡಲು ಹೊರಟಾಗ ಇವೆರಡಕ್ಕೆ ಜಾಗ ಕೊಡಲಿ. ಫೀಡರ್ ತೂಗುಹಾಕುವುದಾದರೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಬಿಳಿ ಸಕ್ಕರೆ ಸಾಕು. ಕೆಂಪು ಬಣ್ಣ ಬೆರೆಸುವುದು ಬೇಡ, ಜೇನುತುಪ್ಪವೂ ಬೇಡ. ಬಿಸಿಲು ಜೋರಾದ ದಿನಗಳಲ್ಲಿ ಎರಡು ದಿನಕ್ಕೊಮ್ಮೆ ತೊಳೆದು ಹೊಸದಾಗಿ ತುಂಬಬೇಕು. ಚಿತ್ರ ಬರೆಯಬೇಕೆನ್ನುವವರು ಬೆಳಗಿನ ಬಿಸಿಲು ತಮ್ಮ ಬೆನ್ನಿಗೆ ಬೀಳುವಂತೆ ಕೂರಲಿ. ಗಂಡುಹಕ್ಕಿ ಮತ್ತೆ ಮತ್ತೆ ಬಂದು ಕೂರುವ ಒಣಕಡ್ಡಿ ಯಾವುದೆಂದು ಮೊದಲು ನೋಡಿಟ್ಟುಕೊಳ್ಳಲಿ, ಅದನ್ನು ಕತ್ತರಿಸದಿರಲಿ.