ಅಂಗಡಿ ಕ್ಯಾಮೆರಾಕ್ಕೆ ವಾರಸುದಾರರು ಯಾರು?

ಗಲ್ಲಾಪೆಟ್ಟಿಗೆ ಮೇಲೊಂದು, ಬಾಗಿಲಿಗೊಂದು, ಗೋದಾಮಿಗೊಂದು. ಕ್ಯಾಮೆರಾ ಇಲ್ಲದ ಅಂಗಡಿ ಈಗ ಹುಡುಕಿದರೂ ಸಿಗೋದು ಕಷ್ಟ. ದಿನಕ್ಕೆ 500 ಜನ ಬಂದುಹೋಗುವ ಕಡೆ ಕ್ಯಾಮೆರಾ ಇರಲೇಬೇಕು, 30 ದಿನದ ಚಿತ್ರ ಇಟ್ಟಿರಬೇಕು ಅಂತ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೂ ಹೇಳುತ್ತೆ. ಆದರೆ ಅದನ್ನು ಮಾಡಿದ್ದು ಯಾರು ಸ್ವಾಮಿ ಅಂತ ಕೇಳಿ ನೋಡಿ. ಡಬ್ಬದ ಮೇಲಿನ ಹೆಸರು ಓದಿ ಹೇಳುತ್ತಾರೆ, ಅಷ್ಟೆ.

ಆ ಹೆಸರು ಎಷ್ಟೋ ಸಲ ಬರೀ ಸ್ಟಿಕ್ಕರ್ರು. ಒಳಗಿನ ಯಂತ್ರ, ಅದನ್ನು ನಡೆಸೋ ಸಾಫ್ಟ್‌ವೇರ್ ಎರಡೂ ಬೇರೆಯವರದು. ಚೀನಾದ ಹಾಂಗ್‌ಝೌ ನಗರದ ಷಿಯಾಂಗ್‌ಮಾಯ್ ಕಂಪನಿ ಇಂಥ ಮಾಲು ಮಾಡಿ ಹಂಚುವುದರಲ್ಲಿ ದೊಡ್ಡ ಕುಳ. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ತಡವರಿಸಿದವಲ್ಲ, ಆ ದಾಳಿಗೆ 'ಮಿರಾಯ್' ಅನ್ನೋ ವೈರಸ್ ಬಳಸಿಕೊಂಡಿದ್ದು ಕಾರ್ಖಾನೆಯ ಪಾಸ್‌ವರ್ಡ್ ಬದಲಾಗದ ಕ್ಯಾಮೆರಾ, ರೆಕಾರ್ಡರುಗಳನ್ನೇ. ಈ ಕಂಪನಿಯ ಮಾಲೂ ಅದರಲ್ಲಿತ್ತು. ಕೆಲವನ್ನು ವಾಪಸ್ ತಗೋತೀವಿ ಅಂತ ಕಂಪನಿ ಹೇಳಿತು.

ಅಲ್ಲಿಗೆ ಮುಗೀತೆ? ಇಲ್ಲ. 2018ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಎಸ್‌ಇಸಿ ಕನ್ಸಲ್ಟ್ ಸಂಸ್ಥೆ ಇದೇ ಕಂಪನಿಯ ಮಾಲನ್ನು ಬಿಚ್ಚಿ ನೋಡಿತು. 100ಕ್ಕೂ ಹೆಚ್ಚು ಹೆಸರಲ್ಲಿ ಮಾರಾಟ! ಯಜಮಾನನ 'ಅಡ್ಮಿನ್' ಖಾತೆಗೆ ಪಾಸ್‌ವರ್ಡೇ ಇಲ್ಲ, ಖಾಲಿ. ಯಾರಿಗೂ ಹೇಳದ ಇನ್ನೊಂದು ಖಾತೆ ಬೇರೆ: ಹೆಸರು 'ಡಿಫಾಲ್ಟ್', ಪಾಸ್‌ವರ್ಡ್ ಅದನ್ನೇ ಉಲ್ಟಾ ಬರೆದದ್ದು. ಮನೆಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲಿಟ್ಟ ಹಾಗೆ. ಈ ಮಾಲು ಬಳಸೋದನ್ನೇ ಬಿಡಿ ಅಂದಿತು ಸಂಸ್ಥೆ.

ಬಿಡೋದು ಹೇಗೆ? ಗಿರಾಕಿಗೆ ತನ್ನ ಡಬ್ಬದೊಳಗೆ ಯಾರ ಮಾಲಿದೆ ಅಂತಲೇ ಗೊತ್ತಿಲ್ಲವಲ್ಲ. ಸ್ಟಿಕ್ಕರ್ ಅಂಟಿಸಿದವನ ಹತ್ತಿರ ಸಾಫ್ಟ್‌ವೇರ್ ತಿದ್ದುವ ಶಕ್ತಿ ಇಲ್ಲ. ಮಾಡಿದವನಿಗೆ ನಿಮ್ಮ ಪರಿಚಯವಿಲ್ಲ. ತಂದು ಮೊಳೆ ಹೊಡೆದ ಹುಡುಗ ಫೋನ್ ಎತ್ತೋಲ್ಲ.

ಪರೀಕ್ಷೆಯಲ್ಲಿ ಪಾಸಾಗದ ಕ್ಯಾಮೆರಾ ಮಾರುವಂತಿಲ್ಲ ಅಂತ ಕೇಂದ್ರ ಸರ್ಕಾರ 2025ರ ಏಪ್ರಿಲ್ 9ರಿಂದ ನಿಯಮ ಜಾರಿ ಮಾಡಿದೆ. ತಡವಾದರೂ ಒಳ್ಳೇದೇ. ಆದರೆ ಅದು ಮಾರುಕಟ್ಟೆಗೆ ಬರೋ ಮಾಲಿಗೆ. ನಿಮ್ಮ ಗೋಡೆ ಮೇಲೆ ವರ್ಷಗಳಿಂದ ಕೂತಿರೋದನ್ನು ಇಳಿಸಿ ನೋಡೋರು ಯಾರೂ ಇಲ್ಲ.

ಹೊಸದು ಕೊಳ್ಳುವಾಗ ಬೆಲೆ ಚೌಕಾಸಿ ಮಾಡೋ ಮೊದಲು, ಸಾಫ್ಟ್‌ವೇರ್ ದೋಷ ಬಂದರೆ ಎಷ್ಟು ವರ್ಷ ಸರಿಮಾಡಿ ಕೊಡ್ತೀರಿ ಅಂತ ಕೇಳಿ, ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಹಳೇದಕ್ಕೆ ಪಾಸ್‌ವರ್ಡ್ ಇವತ್ತೇ ಬದಲಿಸಿ. ಮನೆಯಲ್ಲಿ ಕೂತು ಫೋನಲ್ಲಿ ಅಂಗಡಿ ನೋಡೋ ಚಪಲ ಇಲ್ಲದವರು ರೆಕಾರ್ಡರಿನ ಇಂಟರ್ನೆಟ್ ತಂತಿ ಕಿತ್ತಿಟ್ಟರೂ ನಡೆಯುತ್ತೆ, ಡಿಸ್ಕಿನಲ್ಲಿ ರೆಕಾರ್ಡಿಂಗ್ ನಿಲ್ಲೋಲ್ಲ.